ಫ್ರೆಂಚಿನಲ್ಲಿ ಮಾತ್ರ ಬೈಯುವ ಮೇಷ್ಟ್ರು

ಸಂಜೆ ಕ್ಲಾಸಿನ ಫ್ರೆಂಚ್ ಮೇಷ್ಟ್ರಿಗೆ ಮೂರು ತಿಂಗಳ ಸಂಬಳ ಇನ್ನೂ ಬಂದಿಲ್ಲ, ಆದರೂ ಗತ್ತಿಗೇನೂ ಕಮ್ಮಿಯಿಲ್ಲ. ಅವರು ಕಲಿಸುವುದು ಪುಸ್ತಕದ ಫ್ರೆಂಚನ್ನಲ್ಲ, ಬೀದಿಯ ಫ್ರೆಂಚನ್ನು. ತಲೆಸುತ್ತಿ ಬಿದ್ದವನನ್ನು ಫ್ರಾನ್ಸಿನಲ್ಲಿ ‘ಸೇಬುಗಳೊಳಗೆ ಬಿದ್ದ’ ಅನ್ನುತ್ತಾರೆಂದು ತೋರಿಸಲು ತಾವೇ ಬೆಂಚಿನಿಂದ ದೊಪ್ಪನೆ ಬಿದ್ದು, ಎದ್ದು ಪ್ಯಾಂಟು ಕೊಡವಿಕೊಳ್ಳುತ್ತಾರೆ. ಹೋಮ್‌ವರ್ಕ್ ಮಾಡದವನಿಗೆ, “ಅಂಗೈ ತೋರ್ಸಯ್ಯ, ಕೂದಲು ಬೆಳೆದಿರ್ಬೇಕು” ಅನ್ನುತ್ತಾರೆ; ಸೋಮಾರಿಗಳನ್ನು ಅಲ್ಲಿ ಹಾಗೇ ಆಡಿಕೊಳ್ಳುವುದಂತೆ. ಹೆಂಡತಿ ಸಂಬಳದ ಮಾತೆತ್ತಿದರೆ, “ಕ್ಯಾರೆಟ್ ಬೆಂದುಹೋಯ್ತು ಕಣೇ” ಅನ್ನುತ್ತಾರೆ, ಎಲ್ಲ ಮುಗಿಯಿತು ಎಂಬರ್ಥದಲ್ಲಿ. “ಬೇಯ್ಸೋಕೆ ಮನೇಲಿ ಕ್ಯಾರೆಟ್ ಎಲ್ಲಿದೆ ರೀ?” ಅನ್ನುತ್ತಾಳೆ ಆಕೆ. ಸಂಬಳಕ್ಕೆ ಶನಿವಾರ ಬನ್ನಿ ಎಂದು ಹೇಳಿ ಶನಿವಾರವೇ ನಾಪತ್ತೆಯಾಗುವ ಕ್ಲಾಸಿನ ಮಾಲೀಕ ಸೋಮವಾರ ಎದುರಾದರೆ, ಮೇಷ್ಟ್ರು ನಗುನಗುತ್ತಲೇ “ಮೊಲ ಇಟ್ಟು ಹೋದೆಯಲ್ಲೋ” ಎಂದು ಫ್ರೆಂಚಿನಲ್ಲಿ ಉಗಿಯುತ್ತಾರೆ. ಬರುತ್ತೇನೆಂದು ಕೈಕೊಟ್ಟವನಿಗೆ ಅಲ್ಲಿ ಹೇಳುವ ಮಾತದು. “ಥ್ಯಾಂಕ್ಯೂ ಸಾರ್, ನಿಮ್ಮ ಬಾಯಲ್ಲಿ ಕೇಳೋಕೇ ಚೆಂದ” ಎಂದು ಮಾಲೀಕ ಬೆನ್ನು ತಟ್ಟಿ ಹೋಗುತ್ತಾನೆ. ‘ನನ್ನ ಸಂಬಳ ಕೊಡಿ’ ಎಂದು ನಮ್ಮ ಮಾತಿನಲ್ಲಿ ಕೇಳಲು ಮಾತ್ರ ಮೇಷ್ಟ್ರಿಗೆ ನಾಲಿಗೆ ಏಳುವುದಿಲ್ಲ. ಬೆಳಗ್ಗೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅವರು ಅದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡುವುದು ಹೆಂಡತಿಯ ಕಿವಿಗೆ ಬಿದ್ದಿದೆ. ಇಷ್ಟು ಹೊತ್ತು ಓದಿ ನಕ್ಕಿರಲ್ಲ, ನಾಳೆ ಸಂಜೆ ಮಾಲೀಕನ ಬಾಗಿಲಿಗೆ ಬಂದು, ‘ಮೇಷ್ಟ್ರ ಸಂಬಳ ಕೊಡಿ’ ಎಂದು ಬೀದಿಗೆಲ್ಲ ಕೇಳುವಂತೆ ನೀವು ಹೇಳಿ.