ತಳಕಲ್‌ನಲ್ಲಿ ಕಂಡ ಕೆಂಪು ಚುಕ್ಕೆ

ಅದೊಂದು ಭಾನುವಾರ. ಶ್ರೀರಾಮನಗರದ ನಮ್ಮ ಮನೆಯ ನೀರೊಲೆ ಆರಿದಂತೆ ಕಾಣುತ್ತಿತ್ತು. ತಂಗಿ ಸುಜಾತಾ ನನ್ನ ಕೈಯನ್ನು ಬೂದಿಯ ಮೇಲೆ ಹಿಡಿಸಿದಳು.

"ಬೆಳಕು ಕಾಣ್ತೈತೇನಕ್ಕಾ? ಇಲ್ಲ. ಕಾವು ಐತಿ. ನನ್ನ ಕೆಲಸ ಇಷ್ಟ ನೋಡು."

ಅವಳು ನಕ್ಷತ್ರಗಳ ಸಂಶೋಧನೆ ಮಾಡುತ್ತಿದ್ದಳು. ನಾನು ಪಿಯುಸಿಗೆ ನಿಲ್ಲಿಸಿದವಳು, ಹೊಲಿಗೆಯವಳು. ನನಗೆ ತಿಳಿಯುವಂತೆ ಹೇಳಿದಳು. ಆಕಾಶದ ಧೂಳು ಮೋಡಗಳೊಳಗೆ ನಕ್ಷತ್ರಗಳು ಹುಟ್ಟುತ್ತವೆ. ಹೊಸತಾಗಿ ಹುಟ್ಟಿದ್ದು ಧೂಳು ಹೊದ್ದಿರುತ್ತದೆ. ಆ ಧೂಳು ಕಾದು, ಕಣ್ಣಿಗೆ ಕಾಣದ ಅವಗೆಂಪು ಕಿರಣ ಬಿಡುತ್ತದೆ. ನಕ್ಷತ್ರದಿಂದ ಬರಬೇಕಾದ್ದಕ್ಕಿಂತ ಹೆಚ್ಚು ಅವಗೆಂಪು ಬಂದರೆ ಅದು ಎಳೆಯದಿರಬಹುದು. ಸೂರ್ಯನಿಗಿಂತ ಕೆಲವು ಪಟ್ಟು ಭಾರದ ಅಂಥ ಕೂಸುಗಳನ್ನು ಅವಳು ಹುಡುಕುತ್ತಿದ್ದಳು. ಒಂದು ಸಿಕ್ಕಿದೆ ಅನಿಸುತ್ತದೆ ಎಂದಳು. ಆಮೇಲೆ ಬದನೆಕಾಯಿ ಪಲ್ಯ, ರೊಟ್ಟಿ ಉಂಡೆವು.

ಮರುದಿನ ಬೆಳಿಗ್ಗೆ ಅವಳು ಏಳಲಿಲ್ಲ. ಮಿದುಳಿನಲ್ಲಿ ರಕ್ತಸ್ರಾವ ಎಂದರು ಡಾಕ್ಟರು.

ಚಳಿಗಾಲ ಬಂದಾಗ ಅವಳ ಲ್ಯಾಪ್‌ಟಾಪ್ ಹಿಡಿದು ತಳಕಲ್‌ಗೆ ಹೊರಟೆ. ಅವಳ ಜೊತೆ ಕೆಲಸ ಮಾಡುತ್ತಿದ್ದ ರೆಹಾನಾ ಹೆರಿಗೆಗೆಂದು ಅಲ್ಲಿ ತವರಿನಲ್ಲಿದ್ದಳು. ಸಿಕ್ಕಿದ್ದು ನಿಜವಾಗಿಯೂ ಎಳೆಯ ನಕ್ಷತ್ರವೇ ಎಂದು ಕೇಳಬೇಕಿತ್ತು. ಅವಳು ಹುಡುಕಿದ್ದು ಸಿಕ್ಕಿತ್ತು ಎಂದು ಅವ್ವನಿಗೆ ಹೇಳಬೇಕಿತ್ತು.

ಗಂಗಾವತಿಯಲ್ಲಿ ಕೊಪ್ಪಳದ ಬಸ್ ಹತ್ತಿ, ಆಧಾರ್ ತೋರಿಸಿ ಉಚಿತ ಟಿಕೆಟ್ ಪಡೆದೆ. ಲ್ಯಾಪ್‌ಟಾಪಿದ್ದ ಬ್ಯಾಗನ್ನು ತೊಡೆಯಿಂದ ಇಳಿಸದ್ದನ್ನು ಕಂಡ ಕಂಡಕ್ಟರ್, "ಅದಕ್ಕೂ ಆಧಾರ್ ಐತೇನ್ರಿ ಅಕ್ಕಾರ?" ಎಂದ. ಪಕ್ಕದ ಹೆಂಗಸು ನಕ್ಕಳು. ನಾನೂ ನಕ್ಕೆ, ಅಷ್ಟು ದಿನಗಳಲ್ಲಿ ಅದೇ ಮೊದಲು. ಕಾಲುವೆಯ ಹಸಿರು ಹಿಂದೆ ಉಳಿಯಿತು. ಕೊಪ್ಪಳದಲ್ಲಿ ಮಿರ್ಚಿ, ಮಂಡಕ್ಕಿ ತಿಂದು ಬಸ್ ಬದಲಿಸಿದೆ. ಮುಂದೆಲ್ಲ ಕಪ್ಪು ನೆಲ, ಬಿಳಿಜೋಳ, ಒಣ ಗಾಳಿ.

ರೆಹಾನಾಳ ಮನೆಯ ಪರದೆಯ ಹಿಂದಿನಿಂದ ಲೋಬಾನದ ಹೊಗೆ ಬರುತ್ತಿತ್ತು. ಬಾಣಂತಿಯ ಕೋಣೆ. ಸಾವಿನ ಮನೆಯವಳೆಂದು ನಾನು ಹೊಸ್ತಿಲಲ್ಲೇ ನಿಂತೆ. ತಂಗಿ ಹೋದ ದಿನ ನಮ್ಮ ಬಾಗಿಲ ಮುಂದೆಯೂ ಸಗಣಿ ಕುಳ್ಳಿನ ಹೊಗೆ ಎದ್ದಿತ್ತು. ರೆಹಾನಾಳ ತಾಯಿ ನನ್ನ ಮುಖ ನೋಡಿದರು.

"ಯಾಕವ್ವಾ ನಿಂತಿ? ಕೂಸಿಗೆ ದೊಡ್ಡವ್ವ ಬ್ಯಾಡೇನು? ಬಾ."

ಮಂಚದ ಕೆಳಗೆ ಕೆಂಡ ತುಂಬಿದ ಕಬ್ಬಿಣದ ಬುಟ್ಟಿ. ಕುಂಚಿಗೆಯಲ್ಲಿ ಕೂಸಿನ ಮೂಗಷ್ಟೇ ಕಾಣುತ್ತಿತ್ತು. ರೆಹಾನಾ ಲ್ಯಾಪ್‌ಟಾಪ್ ತೆರೆದು, ಆಕಾಶದ ಚಿತ್ರವೊಂದರಲ್ಲಿ ಚಿಕ್ಕಿಗಳ ನಡುವಿನ ಒಂದು ಕರಿ ಮಚ್ಚೆ ತೋರಿಸಿದಳು. ಏನೂ ಇಲ್ಲ ಎಂದೆ. ಅದೇ ಜಾಗದ ಅವಗೆಂಪಿನ ಚಿತ್ರ ತೆರೆದಳು. ಕರಿಯ ಜಾಗದ ತುಂಬ ನಕ್ಷತ್ರಗಳು, ಜೋಳ ಚೆಲ್ಲಿದ ಹಾಗೆ. ಇಷ್ಟೆಲ್ಲ ಇದ್ದದ್ದನ್ನು ನಾನು ಇಲ್ಲ ಎಂದಿದ್ದೆ. ಅಂಚಿನಲ್ಲಿ ಒಂದು ಕೆಂಪು ಚುಕ್ಕೆ. ಅದರ ಸುತ್ತ ಸುಜಾತಾ ಎಳೆದ ಗೆರೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ.

"ಇದು ಕೂಸ ಹೌದಲ್ಲ?" ಎಂದು ಕೇಳಿದೆ.

ರೆಹಾನಾ ಆ ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಬೆರಳಿಟ್ಟಳು. "ಹೇಳಾಕ ಬರಂಗಿಲ್ಲಕ್ಕಾ. ಸಾಯೂ ಮುದಿ ನಕ್ಷತ್ರಗಳೂ ಮೈಯಾಗಿನ ಧೂಳು ಉಗುಳತಾವ. ಹೊರಗಿಂದ ನೋಡಿದ್ರ ಎರಡರ ಕಾವೂ ಒಂದ ಥರ."

ದೊಡ್ಡ ದೂರದರ್ಶಕದಲ್ಲಿ ಅದರ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದರೆ ಗೊತ್ತಾಗುತ್ತದಂತೆ. ಸುಜಾತಾ ಅದಕ್ಕೆ ಸಮಯ ಕೇಳಿದ್ದಳು, ಸರದಿ ಬಂದಿಲ್ಲ.

"ಹೌದು ಅಂದ್ರ ನಿಮಗ ಸಮಾಧಾನ ಆಗ್ತೈತಿ, ನನಗ ಗೊತ್ತೈತಿ. ಆದ್ರ ಅಕಿ ಹಂಗ ಅಂತಿದ್ದಿಲ್ಲ."

ನಾನು ತಲೆಯಾಡಿಸಿದೆ. ಕೂಸನ್ನು ಎತ್ತಿಕೊಂಡೆ. ಕುಂಚಿಗೆ ದಾಟಿ ಅದರ ಬಿಸಿ ಕೈಗೆ ತಾಗಿತು. ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟೆ.

ವಾಪಸು ಬರುವಾಗ ಹೊತ್ತು ಇಳಿದಿತ್ತು. ಯಾವುದೋ ಊರಿನ ಒಂದು ಮನೆಯಿಂದ ಹೊಗೆ ಏಳುತ್ತಿತ್ತು. ಬಸ್ಸಿನಿಂದ ನೋಡಿದರೆ ಅಲ್ಲಿ ಯಾರು ಬಂದರೋ, ಯಾರು ಹೋದರೋ ತಿಳಿಯುವಂತಿರಲಿಲ್ಲ. ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲೇ ಕುಳಿತಿದ್ದಳು. ಇನ್ನೂ ಗೊತ್ತಾಗಿಲ್ಲ ಎಂದು ಹೇಳಿದೆ.

ಆ ಒಂದು ನಕ್ಷತ್ರದ ಬೆಳಕನ್ನು ಇನ್ನೂ ಯಾರೂ ಬಿಡಿಸಿ ನೋಡಿಲ್ಲ.