ಹೊನ್ನಾಳಿಯಲ್ಲಿ ಒಂಬತ್ತು ಲೋಟ ನೀರು

ನಾಲ್ಕನೇ ಲೋಟ ಖಾಲಿ ಮಾಡಿ ಕೆಳಗಿಟ್ಟಾಗಲೇ ನನಗೆ ಗೊತ್ತಾಯಿತು, ಇವತ್ತು ನನ್ನ ಕಥೆ ಮುಗಿಯಿತು ಅಂತ.

ಊರು ಹೊನ್ನಾಳಿ. ನಾನು ಚನ್ನಗಿರಿಯ ಹುಡುಗಿ, ವಯಸ್ಸು ಹದಿನಾಲ್ಕು.

ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲ್ ಸಿಗುತ್ತಿರಲಿಲ್ಲ. ಬಸ್ಸುಗಳು ಇದ್ದಿಲಿನ ಗ್ಯಾಸ್‌ನಲ್ಲಿ ಓಡುತ್ತಿದ್ದವು... ಓಡುತ್ತಿದ್ದವು ಅನ್ನುವುದು ಮರ್ಯಾದೆಗೆ ಹೇಳುವ ಮಾತು. ದಿಬ್ಬ ಬಂದಲ್ಲೆಲ್ಲ ನಾವೇ ಇಳಿದು ತಳ್ಳುತ್ತಿದ್ದೆವು.

ಈಗ ನನಗೆ ತೊಂಬತ್ತು ದಾಟಿದೆ. ನಾನು ಹೇಳುತ್ತೇನೆ, ಮೊಮ್ಮಗಳು ಫೋನಿನಲ್ಲಿ ಟೈಪ್ ಮಾಡುತ್ತಾಳೆ. "ಅಜ್ಜಿ, ಇದನ್ನೆಲ್ಲ ಹಾಕ್ಲಾ?" ಅಂದಳು. ಹಾಕು ಅಂದೆ. ಈ ವಯಸ್ಸಿನಲ್ಲಿ ಇನ್ನೆಂಥ ನಾಚಿಕೆ?

ಅಕ್ಕನಿಗೆ ಹೊನ್ನಾಳಿಯ ಸಂಬಂಧ ಬಂದಿತ್ತು. ಗಂಡಸರು ಹುಡುಗನನ್ನೂ ಹೊಲವನ್ನೂ ನೋಡಿ ಒಪ್ಪಿದ್ದರು. ಮನೆ ನೋಡುವುದು ಮಾತ್ರ ಹೆಂಗಸರ ಕೆಲಸ.

ಹಾಗಾಗಿ ಸೋದರತ್ತೆ ಹೊರಟಳು, ಅವಳ ಹಿಂದೆ ನಾನು. ನಾವು ಬಂದು ಹೂಂ ಅಂದರೆ ಮದುವೆ, ಉಹೂಂ ಅಂದರೆ ಇಲ್ಲ. ಅಕ್ಕನನ್ನು ಕೇಳುವ ಪದ್ಧತಿಯೇ ಇರಲಿಲ್ಲ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಬೇಡ ಅನ್ನುವ ಹಾಗಿಲ್ಲ.

ಹುಡುಗನ ತಾಯಿ ಹಿತ್ತಾಳೆ ಲೋಟ ಕೈಗಿಟ್ಟು, "ಕುಡೀರಿ, ಹೊಳೆ ನೀರು. ನಿಮ್ಮೂರಾಗೆ ಇಂಥ ಸಿಹಿ ನೀರು ಎಲ್ಲೈತೆ?" ಅಂದರು.

ಸುಮ್ಮನೆ ಕುಡಿದಿದ್ದರೆ ಮುಗಿಯುತ್ತಿತ್ತು. ಚನ್ನಗಿರಿಯವಳ ಬಾಯಿ ಸುಮ್ಮನಿರಬೇಕಲ್ಲ! "ನಮ್ಮ ಬೆಟ್ಟದ ಬುಡದ ಬಾವಿ ನೀರು ಇದಕ್ಕಿಂತ ಸಿಹಿ" ಅಂದುಬಿಟ್ಟೆ.

ನಡುಮನೆಯಲ್ಲಿದ್ದ ಹೆಂಗಸರೆಲ್ಲ ಒಮ್ಮೆಲೇ ನನ್ನ ಕಡೆ ತಿರುಗಿದರು.

ಆಮೇಲೆ ಶುರುವಾಯಿತು ನೋಡಿ. ಮೊದಲಿನದು ನಿನ್ನೆಯ ನೀರು, ಇದು ಇವತ್ತಿನದು ಅಂತ ಎರಡನೇ ಲೋಟ. ಪಕ್ಕದ ಮನೆಯವರು ಮರಳಲ್ಲಿ ತೋಡಿದ ಒರತೆ ನೀರು ತಂದರು. ಎದುರು ಮನೆಯವರು ನಡುಹೊಳೆಯದು ತಂದರು.

ನ್ಯಾಮತಿಯಿಂದ ನೆಂಟಳಾಗಿ ಬಂದಿದ್ದ ಒಬ್ಬಾಕೆ, ನಮ್ಮೂರ ನೀರನ್ನೂ ತರಿಸಲಾ ಅಂತ ಕೇಳಿದಳು. ಪುಣ್ಯಕ್ಕೆ ಆ ಕಡೆಯ ಬಸ್ಸು ಹೋಗಿಬಿಟ್ಟಿತ್ತು.

ಪ್ರತಿ ಲೋಟದ ಜೊತೆಗೂ ಒಂದು ಚೂರು ಬೆಲ್ಲ. ಬೆಲ್ಲ ತಿಂದ ಬಾಯಿಗೆ ಯಾವ ನೀರಾದರೂ ಸಪ್ಪೆಯೇ ಅನ್ನುವುದು ಅಷ್ಟು ಜನರಲ್ಲಿ ಒಬ್ಬರಿಗೂ ತೋಚಲಿಲ್ಲ. ನನಗೂ ತೋಚಲಿಲ್ಲ.

ಎಲ್ಲರೂ ನನ್ನ ಮುಖ ನೋಡುವುದು, ನಾನು ನಮ್ಮೂರದ್ದೇ ಮೇಲು ಅನ್ನುವುದು, ಸೋಲಬೇಡ ಅಂತ ಅತ್ತೆ ತೊಡೆ ಚಿವುಟುವುದು. ಅತ್ತೆ ಮಾತ್ರ ತನಗೆ ವ್ರತ ಅಂತ ಹೇಳಿ ಒಂದು ಗುಟುಕೂ ಕುಡಿಯಲಿಲ್ಲ! ಆಮೇಲೆ ಹೋಳಿಗೆ ಬಂದಾಗ ಆ ವ್ರತ ಎಲ್ಲಿ ಹೋಯಿತೋ ಗೊತ್ತಿಲ್ಲ.

ಆ ಮನೆಯ ಹಿರಿಸೊಸೆ ಬರಗಾಲದ ಜಗಳೂರು ಸೀಮೆಯವಳು, ಸೊಕ್ಕೆ ಅನ್ನುವ ಊರಿನ ಹೆಣ್ಣು. ಎರಡೂ ಊರಿನವಳಲ್ಲ, ನೀನೇ ತೀರ್ಪು ಹೇಳು ಅಂತ ಅವಳನ್ನು ಕರೆದರು.

ಅವಳು ಗಟಗಟ ಕುಡಿದು, "ನಮ್ಮ ಕಡೆ ಸಿಕ್ಕಿದ ನೀರೆಲ್ಲ ಸಿಹೀನೇ ರೀ" ಅಂದಳು. ರೆಫರಿ ಕೆಲಸಕ್ಕೆ ಇವಳು ನಾಲಾಯಕ್ಕು ಅಂತ ಎರಡು ಊರಿನವರೂ ಒಪ್ಪಿಕೊಂಡರು.

ಎಂಟನೇ ಲೋಟ. ನನಗೆ ಕೂರಲಾಗುತ್ತಿಲ್ಲ, ನಿಲ್ಲಲಾಗುತ್ತಿಲ್ಲ. ಬೆಳಗಿನ ಜಾವ ಊರು ಬಿಟ್ಟವಳು, ಆಗಿನಿಂದ ಒಂದಕ್ಕೆ ಹೋಗಿಲ್ಲ!

ಸಂಬಂಧ ನೋಡಲು ಬಂದ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಕೇಳುವುದು ಹೇಗೆ? ನಮ್ಮೂರಲ್ಲಾದರೆ ಬೆಟ್ಟದ ಬಂಡೆಗಳ ಮರೆಯಿತ್ತು, ಅದೂ ಕತ್ತಲಿದ್ದಾಗ ಮಾತ್ರ. ಹಗಲಿನಲ್ಲಿ ಹೆಂಗಸರಿಗೆ ಅಂಥ ಅವಸರವೇ ಬರುವುದಿಲ್ಲ ಅಂತ ಗಂಡಸರು ನಂಬಿದ್ದ ಕಾಲ ಅದು. ಹೊನ್ನಾಳಿಯ ಹೊಳೆದಂಡೆಯೋ, ಅಂಗೈಯಂಥ ಬಯಲು.

ಕೊನೆಗೆ ಚನ್ನಗಿರಿಯ ಮಾನ ಬಿಟ್ಟುಕೊಟ್ಟೆ. "ಸೋತೆ! ನಿಮ್ಮ ಹೊಳೆ ನೀರೇ ಸಿಹಿ!" ಅಂತ ಕೂಗಿದೆ.

ಹೊನ್ನಾಳಿಯ ಹೆಂಗಸರ ಸಂತೋಷ ಹೇಳತೀರದು. ಆ ಸಂತೋಷಕ್ಕೆ ಇನ್ನೊಂದು ಲೋಟ ತಂದುಕೊಟ್ಟರು.

ಅದನ್ನು ಕುಡಿದು ನಾನು ಅತ್ತೇಬಿಟ್ಟೆ. ಸೋತಿದ್ದಕ್ಕೆ ಅಳುತ್ತಿದ್ದಾಳೆ ಅಂತ ಸೋದರತ್ತೆಯೂ ಕಣ್ಣೊರೆಸಿಕೊಂಡಳು.

ಸೊಕ್ಕೆಯ ಸೊಸೆ ಮಾತ್ರ ಏನೂ ಕೇಳದೆ ನನ್ನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ಮೂಲೆಯಲ್ಲಿ ತೆಂಗಿನ ಗರಿ ಹೆಣೆದು ಕಟ್ಟಿದ ಆಳೆತ್ತರದ ಮರೆ. ಒಳಗೆ ಹಾಸುಗಲ್ಲು, ತುಂಬಿದ ಕೊಡ. ಹೆಂಗಸರಿಗೆ ಮಾತ್ರ!

ನಾನು ಎಷ್ಟು ಹೊತ್ತು ಒಳಗಿದ್ದೆ ಅನ್ನುವುದನ್ನು ಟೈಪ್ ಮಾಡುವುದಿಲ್ಲ ಅಂತಿದ್ದಾಳೆ ಮೊಮ್ಮಗಳು.

ಹೊರಗೆ ಬಂದಾಗ ಆಕೆ ಹೇಳಿದಳು. "ಮದುವೆಯಾಗಿ ಬಂದ ಹೊಸದ್ರಾಗೆ ಕತ್ತಲಾಗೋ ಗಂಟ ತಡಕಂಡು ತಡಕಂಡು ಜ್ವರ ಬಂದು ಮಲಗಿದ್ದೆ. ನಮ್ಮತ್ತೆ ಹಟ ಹಿಡಿದು ಮೂರು ದಿನ ಒಲೆ ಹಚ್ಚಲಿಲ್ಲ. ನಾಕನೇ ದಿನ ಗಂಡಸರೇ ನಿಂತು ಇದನ್ನ ಕಟ್ಟಿದ್ರು."

ನೀರಿನ ಜಂಬದ ಹೆಂಗಸು ಅಂತ ಆ ಅತ್ತೆಯನ್ನು, ಹುಡುಗನ ತಾಯಿಯನ್ನು, ಮನಸ್ಸಿನಲ್ಲೇ ಒಂಬತ್ತು ಲೋಟದಷ್ಟು ಬೈದಿದ್ದೆ. ನಾಚಿಕೆಯಾಯಿತು.

ಮರುದಿನ ಊರಿಗೆ ಬಂದೆವು. ಜಗಲಿಯ ಮೇಲೆ ಅಪ್ಪ ಕೇಳಿದರು, ಮನೆ ಹೇಗಿದೆ ಅಂತ.

"ಬ್ಯಾಡ್ವೇ ಬ್ಯಾಡ" ಅಂದಳು ಅತ್ತೆ. "ನಮ್ಮ ನೀರಿಗೆ ಬೆಲೆ ಕೊಡದೋರಿಗೆ ನಮ್ಮ ಹುಡುಗೀನ ಕೊಡಾಕೆ ಆಗ್ತೈತಾ?" ಅಪ್ಪನೂ ತಲೆಯಾಡಿಸಿದರು.

ನಾನು ಅಡುಗೆಮನೆಗೆ ಓಡಿ ಅಕ್ಕನ ಕಿವಿಯಲ್ಲಿ ಹಿತ್ತಲಿನ ವಿಷಯ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹಗಲಾಗೂ ಹೋಗಬೌದಾ?" ಅಂದಳು. ಹೂಂ ಅಂದೆ.

ಹಿರಿಯರ ಮುಂದೆ ಯಾವತ್ತೂ ದನಿ ತೆಗೆಯದ ನನ್ನ ಅಕ್ಕ ಹಿಟ್ಟಿನ ಕೈಯಲ್ಲೇ ಜಗಲಿಗೆ ಬಂದು ನಿಂತಳು.

"ಅಪ್ಪಾ, ನಾನು ಆ ಮನೆಗೇ ಹೋಗ್ತೀನಿ."

ಅಪ್ಪನಿಗೆ ಗಾಬರಿ. "ಯಾಕವ್ವ? ಹುಡುಗನ್ನ ನೀನು ನೋಡೂ ಇಲ್ಲ!"

ಅವಳು ನಿಜವಾದ ಕಾರಣ ಹೇಗೆ ಹೇಳುತ್ತಾಳೆ? ತಲೆ ತಗ್ಗಿಸಿ, "ನೀರು ಸಿಹಿ ಐತಂತೆ" ಅಂದಳು.

ಇಂದಿಗೂ ಯಾವ ಊರಿಗೆ ಹೋದರೂ ನಾನು ಮೊದಲು ಹುಡುಕುವುದು ಆ ಮರೆಯನ್ನೇ... ಹೇಳಿ ನೋಡೋಣ, ನಿಮ್ಮೂರಿಗೆ ಬಂದ ಹೆಣ್ಣುಮಗಳಿಗೆ ಅದು ಎಲ್ಲಿದೆ ಅಂತ ಅವಳು ಕೇಳುವ ಮೊದಲೇ ತೋರಿಸುವವರು ಇದ್ದಾರಾ?