ಐದನೇ ಹಾಡಿನೊಳಗಿನ ಕೂಗು

ಮೂಳೆ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಆ ಹೆಂಗಸನ್ನು ಎಲ್ಲರೂ ಕರೆಯುತ್ತಿದ್ದುದು ಪಟ್ಟಿಯಮ್ಮ ಎಂದೇ. ಉಗುರುಬೆಚ್ಚಗಿನ ನೀರಿನಲ್ಲಿ ಪ್ಲಾಸ್ಟರ್ ಸುರುಳಿ ಅದ್ದಿ, ಗುಳ್ಳೆ ಏಳುವುದು ನಿಂತ ಮೇಲೆ ಮೆಲ್ಲಗೆ ಹಿಂಡಿ, ಮುರಿದ ಕೈಗೋ ಕಾಲಿಗೋ ಸುತ್ತುವುದು ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ತಂಗಿಯ ಮನೆಯಲ್ಲಿದ್ದಳು. ರಜೆ ಸಿಕ್ಕರೂ ಕೈಕಟ್ಟಿ ಕೂರುವ ಜಾಯಮಾನವಲ್ಲ. ಎಲ್ಲಿ ಜನ ಸೇರಿದರೂ ಅಲ್ಲಿಯ ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ಹಾಜರು. ಬಾಯಿ ಮಾತ್ರ ದೊಡ್ಡದು. ಪ್ಲಾಸ್ಟರ್ ಕತ್ತರಿಸುವ ಗರಗಸದ ಸದ್ದು ಮೀರಿ ಮಾತಾಡಿ ಹೀಗಾಗಿದೆ ಎಂದು ಅವಳೆಂದರೆ, "ಏನಿಲ್ಲ, ಹುಟ್ಟಿದಾಗ್ಲೇ ಹೀಗಿತ್ತಂತೆ" ಎಂದು ತಂಗಿ ನಗುತ್ತಿದ್ದಳು.

ಆ ವರ್ಷ ಊರಾಚೆಯ ಬಯಲಿನಲ್ಲಿ ಹೆಸರಾಂತ ರಾಕ್ ಗಾಯಕನೊಬ್ಬನ ಕಾರ್ಯಕ್ರಮವಿತ್ತು. ಅರವತ್ತು ಸಾವಿರ ಜನ. ಹಾಡನ್ನೆಲ್ಲ ಅಲ್ಲೇ ಧ್ವನಿಮುದ್ರಿಸಿಕೊಂಡು ಆಲ್ಬಮ್ ಮಾಡುವುದೆಂದು ವೇದಿಕೆಯ ಕೆಳಗೆ ಜನರ ಕಡೆಗೂ ಮೈಕುಗಳನ್ನು ತಿರುಗಿಸಿಟ್ಟಿದ್ದರು. ಐದನೇ ಹಾಡು ಅರ್ಧಕ್ಕೆ ಬಂದಾಗ, ಬಿಸಿಲಿನ್ನೂ ಇಳಿದಿರಲಿಲ್ಲ, ಹಿಂದಿನವರು ಮುಂದಕ್ಕೆ ನುಗ್ಗಿದರು. ನಡುವಿನ ತಡೆಬೇಲಿ ವಾಲಿ ಮುಂದಿನ ಸಾಲಿನವರ ಮೇಲೆ ಬಿತ್ತು. ಬಿದ್ದವರ ಮೇಲೆ ಇನ್ನಷ್ಟು ಜನ ಬಿದ್ದರು. ಪಟ್ಟಿಯಮ್ಮ ಡೇರೆಯಿಂದ ಓಡಿಬಂದು, ವೇದಿಕೆಯತ್ತ ಎರಡೂ ಕೈ ಬೀಸುತ್ತ, "ನಿಲ್ಸೀ! ನಿಲ್ಸೀ!" ಎಂದು ಗಂಟಲು ಹರಿಯುವಂತೆ ಅರಚಿದಳು. ಬೇಲಿಯ ಕೆಳಗೆ ಸಿಕ್ಕಿಕೊಂಡವರೂ ಅದನ್ನೇ ಕೂಗಿದರು. ಗಾಯಕ ಕಣ್ಣುಮುಚ್ಚಿ ಹಾಡುತ್ತಲೇ ಇದ್ದ.

ಯಾರ ಜೀವವೂ ಹೋಗಲಿಲ್ಲ ಅನ್ನುವುದೊಂದೇ ಪುಣ್ಯ. ಹತ್ತೊಂಬತ್ತು ಜನಕ್ಕೆ ಪೆಟ್ಟಾಯಿತು. ಬೇಕರಿಯಲ್ಲಿ ಹಿಟ್ಟು ನಾದುವವನೊಬ್ಬನ ಎರಡೂ ಮಣಿಕಟ್ಟು ಮುರಿದವು; ಮಾರನೆಯ ದಿನ ಅವನಿಗೆ ಪ್ಲಾಸ್ಟರ್ ಸುತ್ತಿದವಳೂ ಅವಳೇ. ಮೂಳೆ ಕೂಡಿತು, ಕೈಗೆ ಬಲ ಬರಲಿಲ್ಲ. ನಾದುವ ಮೇಜಿನ ಮುಂದಿದ್ದವನು ಅಂಗಡಿ ಬಾಗಿಲಲ್ಲಿ ಗಿರಾಕಿಗಳನ್ನು ಮಾತಾಡಿಸಲು ನಿಂತ.

ಎಂಟು ತಿಂಗಳಾದ ಮೇಲೆ ಒಂದು ಭಾನುವಾರ ತಂಗಿಯ ಮಗಳು ಆ ಆಲ್ಬಮ್ ತಂದು ಹಾಕಿದಳು. ಪಟ್ಟಿಯಮ್ಮ ಬಟ್ಟೆ ಮಡಚುತ್ತಿದ್ದಳು. ಐದನೇ ಹಾಡಿನ ನಡುವೆ ಜನರ ಬೊಬ್ಬೆ ಎದ್ದಿತು, ಅದರ ಮೇಲೊಂದು ಹೆಣ್ಣುದನಿ; ಸುಮ್ಮನೆ ಕೇಳಿದರೆ ‘ನಿಲ್ಸ...’ ಎಂಬಷ್ಟೇ ತಿಳಿಯುತ್ತಿತ್ತು.

"ಇದೇ ದೊಡ್ಡಮ್ಮ, ಎಲ್ರಿಗೂ ಇಷ್ಟ ಆಗಿರೋ ಜಾಗ!" ಎಂದಳು ಹುಡುಗಿ. "ಕವರ್ ಮೇಲೂ ಹಾಕಿದ್ದಾರೆ ನೋಡು."

ಕವರಿನ ಮೇಲೆ ದಪ್ಪಕ್ಷರದಲ್ಲಿತ್ತು: ‘ನಿಲ್ಲಿಸಬೇಡಿ ಎಂದು ಮೊರೆಯಿಟ್ಟ ಜನಸಾಗರ.’

ಪಟ್ಟಿಯಮ್ಮನ ಕೈಯಲ್ಲಿದ್ದ ದಿಂಬಿನ ಚೀಲ ಕೆಳಗೆ ಬಿತ್ತು. "ನಿಲ್ಲಿಸಬೇಡಿ ಅಂತ ಯಾವಳೇ ಕೂಗಿದ್ದು? ಅದು ನಾನು ಕಣೇ! ಜನ ಸಾಯ್ತಾರೆ ನಿಲ್ಸಿ ಅಂತ ಬಡ್ಕೊಂಡಿದ್ದು!"

ಹುಡುಗಿ ಮತ್ತೊಮ್ಮೆ ಹಾಕಿ ಕೇಳಿದಳು. ಆಮೇಲೆ ತಾನೇ ಆರಿಸಿದಳು. ಅಳು ಬಂದಿತ್ತು ಅವಳಿಗೆ.

ಸೋಮವಾರ ರಜೆ ಹಾಕಿ, ಬೇಕರಿಯವನನ್ನೂ ಕರೆದುಕೊಂಡು ಅವಳು ಆಲ್ಬಮ್ ಕಂಪನಿಗೆ ಹೋದಳು. ಅಲ್ಲಿಯ ಮ್ಯಾನೇಜರ್ ಕುರ್ಚಿ ತೋರಿಸಿದ, ತಣ್ಣನೆಯ ನೀರು ತರಿಸಿದ, ಎಲ್ಲ ಕೇಳಿಸಿಕೊಂಡ. ಕೊನೆಗೆ, "ಮೇಡಂ, ನಿಮ್ಮ ನೋವು ಅರ್ಥ ಆಗುತ್ತೆ. ಆದ್ರೆ ಆ ಕೂಗೇ ಈ ಆಲ್ಬಮ್‌ನ ಜೀವ" ಎಂದ.

ಅವಳ ಮೈಯೆಲ್ಲ ಉರಿದುಹೋಯಿತು. "ಜೀವಾನಾ? ಇವರ ಮಣಿಕಟ್ಟು ಮುರಿದ ಸದ್ದೂ ಅದರಲ್ಲೇ ಇದೆ ಕಣ್ರೀ, ಹುಡುಕಿ ನೋಡಿ! ನೀವು ಮಾರ್ತಿರೋದು ಅದನ್ನ!"

ಬೇಕರಿಯವನು, "ಹೋಗ್ಲಿ ಬಿಡಿ ಅಕ್ಕ" ಎಂದು ಪಿಸುಗುಟ್ಟಿದ. "ನಿಮ್ಮಂಥೋರು ಹೋಗ್ಲಿ ಬಿಡಿ ಅಂದೂ ಅಂದೂನೇ ಇವ್ರು ಹೀಗಾಗಿರೋದು" ಎಂದು ಅವನ ಮೇಲೂ ಹರಿಹಾಯ್ದಳು.

ಮುಂದಿನ ಶನಿವಾರ ಮಧ್ಯಾಹ್ನ ಪೇಟೆಯ ಸಂಗೀತದ ಅಂಗಡಿಗೆ ಗಾಯಕನೇ ಬಂದು ಆಲ್ಬಮ್‌ಗೆ ಸಹಿ ಹಾಕಿಕೊಡುತ್ತಾನೆಂದು ತಿಳಿಯಿತು. ಪಟ್ಟಿಯಮ್ಮ ಎರಡು ಗಂಟೆ ಸಾಲಿನಲ್ಲಿ ನಿಂತಳು. ಅವಳ ಸರದಿ ಬಂದಾಗ ಅವನು ತಲೆಯೆತ್ತದೆ, "ಯಾರ ಹೆಸರು ಬರೀಲಿ?" ಎಂದ.

"ಹತ್ತೊಂಬತ್ತು ಜನರ ಹೆಸರು ಬರೀಬೇಕು" ಎಂದವಳೇ, ಕಾವಲಿನವರು ಬರುವಷ್ಟರಲ್ಲಿ ಅದೆಲ್ಲವನ್ನೂ ಹೇಳಿಬಿಟ್ಟಳು. ಅಂಗಡಿಯವನಿಗೆ ಏನು ತೋಚಿತೋ, ಐದನೇ ಹಾಡನ್ನು ಹಾಕಿದ. ಆ ಕೂಗು ನಲವತ್ತು ಸೆಕೆಂಡು ಅಂಗಡಿಯ ತುಂಬ ಕೇಳಿಸಿತು.

ಗಾಯಕನ ಮುಖ ಕಪ್ಪಿಟ್ಟಿತು. "ನಾಲ್ಕು ಜನ ತಲೆಸುತ್ತಿ ಬಿದ್ರು ಅಂತಷ್ಟೇ ನಂಗೆ ಹೇಳಿದ್ದು ಅಮ್ಮಾ."

"ನೀವು ಕೇಳಿದ್ರಾ?"

ಅವನು ಪೆನ್ನು ಮುಚ್ಚಿಟ್ಟು ಎದ್ದುಹೋದ.

ತಿಂಗಳೊಳಗೆ ಆಲ್ಬಮ್‌ನ ಹೊಸ ಪ್ರತಿ ಬಂತು. ಕವರಿನ ಸಾಲು ಇರಲಿಲ್ಲ. ಆ ನಲವತ್ತು ಸೆಕೆಂಡೂ ಇರಲಿಲ್ಲ. ಬೇರೆ ಹಾಡಿನ ಚಪ್ಪಾಳೆ ತಂದು ಅಲ್ಲಿ ತೇಪೆ ಹಾಕಿದ್ದರು. ‘ಧ್ವನಿಯನ್ನು ಇನ್ನಷ್ಟು ಉತ್ತಮಗೊಳಿಸಲಾಗಿದೆ’ ಎಂದೊಂದು ಚೀಟಿ. ಒಂದು ಕ್ಷಮೆಯ ಮಾತಿಲ್ಲ.

"ಗೆದ್ದೆಯಲ್ಲ ಅಕ್ಕ" ಎಂದಳು ತಂಗಿ.

"ಏನು ಗೆದ್ದಿದ್ದು, ಮಣ್ಣು! ಮೊದ್ಲು ನನ್ನ ಕೂಗಿಗೆ ಸುಳ್ಳು ಅರ್ಥ ಕಟ್ಟಿದ್ರು. ಈಗ ಏನೂ ನಡೆದೇ ಇಲ್ಲ ಅಂತಿದಾರೆ."

ಅವಳು ಸುಮ್ಮನಾಗಲಿಲ್ಲ. ತಂಗಿಯ ಮಗಳ ಹಳೆಯ ಪ್ರತಿಯನ್ನೂ, ಬೇಕರಿಯವನ ಎಕ್ಸ್‌-ರೇಗಳನ್ನೂ ಹೊತ್ತು, ಬಯಲಿಗೆ ಪರವಾನಗಿ ಕೊಡುವ ನಗರಸಭೆಗೆ ಅಲೆದಳು. ಆರನೇ ಸಲ ಹೋದಾಗ ಅಧಿಕಾರಿಗಳು ಬಾಗಿಲು ಹಾಕಿಕೊಂಡು ಆ ಕೂಗನ್ನು ಕೇಳಿದರು. ಬೇಲಿಯ ಕಂಬಗಳನ್ನು ನೆಲದಲ್ಲಿ ಹೂಳದೆ ಬರೀ ನಿಲ್ಲಿಸಿದ್ದರೆಂಬುದು ವಿಚಾರಣೆಯಲ್ಲಿ ಬಯಲಾಯಿತು. ಕಾರ್ಯಕ್ರಮ ನಡೆಸಿದವರಿಗೆ ಮೂರು ವರ್ಷ ಆ ಬಯಲು ಸಿಗದಂತಾಯಿತು. ಇನ್ನು ಮುಂದೆ ಡೇರೆಯವರು ಕೆಂಪು ಬಾವುಟ ಎತ್ತಿದರೆ ಹಾಡು ಅಲ್ಲಿಗೇ ನಿಲ್ಲಬೇಕೆಂದೂ ಆದೇಶದಲ್ಲಿ ಬರೆದರು.

ಆದೇಶದ ಪ್ರತಿಯನ್ನು ಅವಳು ಬೇಕರಿಗೆ ಒಯ್ದು ಓದಿ ಹೇಳಿದಳು. ಅವನು ಕೇಳಿ, ತನ್ನ ಎರಡು ಕೈಯನ್ನೂ ಮೇಜಿನ ಮೇಲೆ ಇಟ್ಟು ನೋಡಿಕೊಂಡ. "ಒಳ್ಳೇದಾಯ್ತು ಅಕ್ಕ" ಎಂದ.

"ಒಳ್ಳೇದೇನೋ ಆಯ್ತು" ಎಂದಳು ಪಟ್ಟಿಯಮ್ಮ. "ನಂಗೆ ಸಿಟ್ಟು ಮಾತ್ರ ಒಂದು ಚೂರೂ ಇಳಿದಿಲ್ಲ."